ಮೊಸಳೆಯ ಮದುವೆಗೆ ಬಿದ್ದ ಅಕ್ಕಿಕಾಳು

ಚಿತ್ರಕಥೆ ಬರೆಯಲು ನನ್ನನ್ನು ಕರೆದದ್ದು ನಾನು ಒಳ್ಳೆಯ ಬರಹಗಾರ ಎಂಬ ಕಾರಣಕ್ಕಲ್ಲ. ಧಾರವಾಡದಲ್ಲಿ ಎಂ.ಎ. ಓದುವಾಗ ‘ಮೊಸಳಿ ಅಳಿಯ’ ಎಂಬ ಹಾಡಿನ ಆಟದ ಬಗ್ಗೆ ಒಂದು ಪ್ರಬಂಧ ಬರೆದಿದ್ದೆ. ಆಗ ಅದನ್ನು ನನ್ನ ಗುರುಗಳು ಓದಿದ್ದರು. ಬಹಳ ವರ್ಷಗಳ ಮೇಲೆ, ಆ ಆಟವನ್ನೇ ಸಿನಿಮಾ ಮಾಡಲು ಹೊರಟ ನಿರ್ದೇಶಕರು ಓದಿದರು. ಮೂರನೆಯ ಓದುಗರು ಯಾರಾದರೂ ಇದ್ದಾರೆಂದು ನನಗೆ ಗೊತ್ತಿಲ್ಲ.

ನಿರ್ದೇಶಕರು ಬೆಳಗಾವಿಯವರು. ಮನೆಯಲ್ಲಿ ಮರಾಠಿ, ಕೆಲಸದಲ್ಲಿ ಕನ್ನಡ, ಸಿಟ್ಟು ಬಂದಾಗ ಹಿಂದಿ. ಅಥಣಿಯಲ್ಲಿದ್ದ ನನ್ನ ಬಾಡಿಗೆ ಮನೆಗೆ ಅವರೇ ಹುಡುಕಿಕೊಂಡು ಬಂದರು. ನಾನು ಆಗ ಎರಡನೆಯ ನೌಕರಿ ಬಿಟ್ಟು, ಮೂರನೆಯದನ್ನು ಹುಡುಕುವ ನೆಪದಲ್ಲಿ ಮೋಟರ್‌ಸೈಕಲ್ ಮೇಲೆ ಕಾಗವಾಡ, ರಾಯಬಾಗ, ಚಿಕ್ಕೋಡಿ ಎಂದು ತಿರುಗುತ್ತಿದ್ದೆ. ಅವರು ಬಂದ ದಿನ ನೀಲಿ ಅಂಗಿ ತೊಟ್ಟಿದ್ದರು ಎಂದು ನನ್ನ ನೆನಪು. ಅದೇ ದಿನ ತೆಗೆದ ಫೋಟೋ ನನ್ನ ಫೋನಿನಲ್ಲಿದೆ. ಅಂಗಿ ಬಿಳಿ.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಮುಂದೆ ಒಂದು ದಿನ, ನಾನು ಕಣ್ಣಾರೆ ಕಂಡದ್ದನ್ನು ನೆನಪಿನಿಂದ ಹೇಳಬೇಕಾಗಿ ಬಂತು. ಆ ಮಾತಿನ ಮೇಲೆ ಒಬ್ಬ ಹುಡುಗಿಯ ಮದುವೆ ನಿಂತಿತ್ತು.

ಆಟದ ಕಥೆ ಸರಳವಾದದ್ದು. ರಾಜ ನದಿಗೆ ಇಳಿದಾಗ ಮೊಸಳೆ ಅವನ ಕಾಲು ಹಿಡಿಯುತ್ತದೆ. ಕಾಲು ಬಿಟ್ಟರೆ ಮಗಳನ್ನು ಕೊಡುತ್ತೇನೆ ಎಂದು ರಾಜ ಮಾತು ಕೊಡುತ್ತಾನೆ. ಮಗಳು ಅಳದೆ ಮೊಸಳೆಯನ್ನು ಮದುವೆಯಾಗುತ್ತಾಳೆ. ರಾತ್ರಿ ಮೊಸಳೆ ತೊಗಲು ಕಳಚಿಟ್ಟು ರಾಜಕುಮಾರನಾಗುತ್ತದೆ. ಈ ಗುಟ್ಟು ಯಾರಿಗೂ ಹೇಳಬಾರದು. ಅವಳು ತಾಯಿಗೆ ಹೇಳುತ್ತಾಳೆ, ತಾಯಿ ತೊಗಲು ಸುಡುತ್ತಾಳೆ, ಗಂಡ ಮಾತಿಲ್ಲದೆ ನೀರಿಗೆ ಇಳಿದು ಹೋಗುತ್ತಾನೆ. ಆಮೇಲೆ ಅವಳು ದಂಡೆಯಲ್ಲಿ ಕೂತು ಹಾಡಿ ಹಾಡಿ ಅವನನ್ನು ಮರಳಿ ಕರೆಯುತ್ತಾಳೆ. ಇಡೀ ಆಟ ಹಾಡಿನಲ್ಲೇ ನಡೆಯುತ್ತದೆ. ಮಾತು ಬರುವುದು ರಾಜನಿಗೆ ಬೈಯುವಾಗ ಮಾತ್ರ. ಯಡೂರಿನ ಕಡೆ, ಕೃಷ್ಣೆಯ ದಂಡೆಯ ಒಂದು ಊರಿನ ಮೇಳ ಇದನ್ನು ಆಡಿಕೊಂಡು ಬಂದಿದೆ. ಬೇರೆ ಮೇಳದವರು ಆಡಿದ್ದನ್ನು ನಾನು ಕಂಡಿಲ್ಲ.

ಈ ಆಟದಲ್ಲಿ ಒಂದು ಪದ್ಧತಿ ಉಂಟು. ಮದುವೆಯ ಪ್ರವೇಶ ಬಂದಾಗ ನೋಡುವವರು ಸುಮ್ಮನೆ ಕೂರುವುದಿಲ್ಲ. ನಿಜವಾದ ಮದುವೆಯಲ್ಲಿ ಹಾಕುವ ಹಾಗೆಯೇ ಅರಿಶಿನ ಹಚ್ಚಿದ ಅಕ್ಕಿಕಾಳು ಹಾಕುತ್ತಾರೆ. ಮಂಗಳಾಷ್ಟಕ ನಿಜವಾದದ್ದು, ನಡುವೆ ಹಿಡಿಯುವ ಅಂತರಪಟವೂ ನಿಜವಾದದ್ದು. ಅಷ್ಟು ಜನರ ಕೈಯಿಂದ ಅಕ್ಕಿಕಾಳು ಬಿದ್ದರೆ ಅದು ಮದುವೆಯೇ ಎಂದು ಊರಿನವರು ನಂಬುತ್ತಾರೆ. ಆದ್ದರಿಂದ ರಾಜಕುಮಾರಿ ಮತ್ತು ಮೊಸಳೆಯ ಪಾತ್ರಕ್ಕೆ ಇಬ್ಬರೂ ಗಂಡಸರೇ ಆಗಬೇಕು, ಇಲ್ಲವೇ ಮೊದಲೇ ಮದುವೆಯಾದ ಗಂಡ ಹೆಂಡತಿ ಆಗಬೇಕು. ನನ್ನ ಪ್ರಬಂಧದಲ್ಲಿ ಇದನ್ನು ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೆ. ಅರಿಶಿನ ಹಚ್ಚಿದ ಅಕ್ಕಿ ಎಂದರೆ ಅರಿಶಿನ ಹಚ್ಚಿದ ಅಕ್ಕಿ, ಅದರಲ್ಲಿ ಏನಿದೆ ಎಂದುಕೊಂಡಿದ್ದೆ.

ಮೇಳದ ಮುಖ್ಯಸ್ಥರನ್ನು ಎಲ್ಲರೂ ಮಾಸ್ತರ ಎನ್ನುತ್ತಿದ್ದರು. ಸಾಲಿಯ ಮಾಸ್ತರರಲ್ಲ, ಆಟ ಕಲಿಸುವ ಮಾಸ್ತರರು. ಹೊಲದಲ್ಲಿ ಕೆಲಸ ಇಲ್ಲದಾಗ ನಿಪ್ಪಾಣಿಯ ತಂಬಾಕಿನ ವಖಾರಿಗಳಿಗೆ, ಅಂದರೆ ಗೋದಾಮುಗಳಿಗೆ, ದುಡಿಯಲು ಹೋಗುತ್ತಿದ್ದರು. ಬಾಯಲ್ಲಿಯೂ ತಂಬಾಕು ಇರುತ್ತಿತ್ತು. ಹರೆಯದಿಂದಲೂ ರಾಜಕುಮಾರಿಯ ಪಾತ್ರ ಅವರದೇ. ಮೊಸಳೆಯ ಪಾತ್ರ ಅವರ ಹೆಂಡತಿಯ ತಮ್ಮನದು. ಅವನು ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಿದ್ದ, ಮದುವೆಯಾಗಿರಲಿಲ್ಲ. ಹೊಟ್ಟೆಯ ಮೇಲೆ ತೆವಳುತ್ತ, ಉಸಿರು ತಪ್ಪದೆ ಹಾಡುವುದು ಅವನೊಬ್ಬನಿಗೇ ಸಾಧ್ಯವಿತ್ತು. ಅಂದರೆ ಎಷ್ಟೋ ವರ್ಷಗಳಿಂದ ಅಕ್ಕನ ಗಂಡನಿಗೂ ಹೆಂಡತಿಯ ತಮ್ಮನಿಗೂ ಊರೂರಲ್ಲಿ ಮದುವೆ ಆಗುತ್ತಿತ್ತು. ಜನ ನಗುತ್ತ ಅಕ್ಕಿಕಾಳು ಹಾಕುತ್ತಿದ್ದರು.

ಪಾತ್ರಗಳ ಆಯ್ಕೆಗೆ ನಿರ್ದೇಶಕರು ಚಿಕ್ಕೋಡಿಯಲ್ಲಿ ಒಂದು ಸಭಾಗೃಹ ಹಿಡಿದರು. ಮೊಸಳೆ ಯಾರು ಎಂಬುದು ಮೊದಲ ದಿನವೇ ತೀರ್ಮಾನವಾಯಿತು. ರಾಜಕುಮಾರಿಗೆ ತೊಡಕಾಯಿತು. ಬೆಂಗಳೂರಿನಿಂದ ಧಾರಾವಾಹಿಯ ನಟಿಯೊಬ್ಬಳು ಬಂದಳು, ಚೆನ್ನಾಗಿ ನಟಿಸಿದಳು. ಆದರೆ ಹಾಡುಗಳನ್ನು ಬೇರೆಯವರು ಹಾಡಲಿ, ನಾನು ತುಟಿ ಆಡಿಸುತ್ತೇನೆ ಎಂದಳು. ನದಿಯ ದಂಡೆಯಲ್ಲಿ ಹಾಡಿದ್ದನ್ನು ಅಲ್ಲೇ ಹಿಡಿಯಬೇಕು ಎಂಬುದು ನಿರ್ದೇಶಕರ ಹಟ. ಅವಳು ಮರಳಿ ಹೋದಳು. ಆಗ ನಿರ್ದೇಶಕರು, ಮಾಸ್ತರರನ್ನೇ ಒಮ್ಮೆ ನೋಡೋಣ ಎಂದರು.

ಮಾಸ್ತರರು ತಾವೇ ಬಣ್ಣ ಹಚ್ಚಿಕೊಂಡು, ಸೀರೆಯುಟ್ಟು ಬಂದು ಹಾಡಿದರು. ಧ್ವನಿ ಗಟ್ಟಿಯಾಗಿತ್ತು. ಆಮೇಲೆ ಅದನ್ನು ಸಣ್ಣ ಪರದೆಯ ಮೇಲೆ ಅವರಿಗೇ ತೋರಿಸಿದರು. ಹಣೆಯ ಗೆರೆಗಳಲ್ಲಿ ಬಣ್ಣ ಇಳಿದು ನಿಂತಿತ್ತು. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದರು.

“ಪೆಟ್ರೋಮ್ಯಾಕ್ಸ್ ಬೆಳಕಿನ್ಯಾಗ ನಾ ರಾಜನ ಮಗಳು. ಈ ಡಬ್ಬ್ಯಾಗ ರಾಜನ ಅವ್ವ ಆಗೇನಿ,” ಎಂದರು.

“ಛಲೋ ಕಾಣಾಕತ್ತೀರಿ ಮಾಸ್ತರ,” ಎಂದರು ನಿರ್ದೇಶಕರು.

“ಸುಳ್ಳ ಹೇಳಬ್ಯಾಡ್ರಿ. ಇಷ್ಟ ವರ್ಷ ಸೀರಿ ಉಟ್ಟೀನಿ. ಯಾವುದು ಛಲೋ, ಯಾವುದು ಅಲ್ಲ ಅಂತ ನನಗ ತಿಳಿತೈತಿ.” ಅಲ್ಲಿಯೇ ಕೂತು ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಂಡರು. ಒರೆಸಿಕೊಳ್ಳುತ್ತಲೇ, “ನನ್ನ ಮಗಳಿಗೆ ಎಲ್ಲಾ ಹಾಡ ಬರ್ತಾವ,” ಎಂದರು.

ಮಗಳು ಚಿಕ್ಕೋಡಿಯಲ್ಲಿಯೇ ಬಿ.ಎಡ್. ಓದುತ್ತಿದ್ದಳು. ದಿನಾ ಬಸ್ಸಿನಲ್ಲಿ ಬಂದು ಹೋಗುವ ಹುಡುಗಿ. ಮರುದಿನ ಕಾಲೇಜು ಮುಗಿಸಿ, ಬೆನ್ನಿನ ಚೀಲ ತೆಗೆಯದೆ ನಿಂತು ಹಾಡಿದಳು. ನಿರ್ದೇಶಕರು ಮಧ್ಯದಲ್ಲಿ ನಿಲ್ಲಿಸಿ, ಸಾಕು ಎಂದರು. ಅವಳು, “ಇನ್ನೂ ಎರಡು ನುಡಿ ಅದಾವ್ರಿ,” ಎಂದು ಪೂರ್ತಿ ಮಾಡಿಯೇ ಕೂತಳು.

ಅಲ್ಲಿಗೆ ಆಯ್ಕೆ ಮುಗಿಯಿತು ಎಂದುಕೊಂಡೆವು. ಆದರೆ ಅವಳ ತಾಯಿ ಒಪ್ಪಬೇಕಿತ್ತು. ನಾನೂ ನಿರ್ದೇಶಕರೂ ಅವರ ಮನೆಗೆ ಹೋದೆವು. ತಾಯಿ ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. ನಮ್ಮ ಮಾತನ್ನೆಲ್ಲ ಕೇಳಿದ ಮೇಲೆ ಹೇಳಿದರು:

“ಹಾಡಲಿ. ಕುಣಿಲಿ. ಮೊಸಳಿ ಸಂಗಾಟ ನೀರಿಗೆ ಬೇಕಾದ್ರೂ ಇಳೀಲಿ. ಅಕ್ಕಿಕಾಳ ಮಾತ್ರ ಅಕಿ ತಲಿ ಮ್ಯಾಲೆ ಬೀಳಬಾರದು.”

“ಅದು ಸಿನಿಮಾ ಅಲ್ಲೇನ್ರಿ ಅಕ್ಕಾರ,” ಎಂದೆ ನಾನು.

“ನಿಮಗ ಅದು ಸಿನಿಮಾ ರೀ. ನಮ್ಮ ಅವ್ವಗ ಅದು ಮದುವಿ.”

ಅವರ ತವರು ಕಾಗವಾಡದ ಕಡೆ. ಮಗಳು ಹುಟ್ಟಿದಾಗಿನಿಂದ ಅವರ ಅವ್ವ, ಅಂದರೆ ಹುಡುಗಿಯ ಆಯಿ, ಮೊಮ್ಮಗಳನ್ನು ತನ್ನ ಕಿರಿಯ ಮಗನಿಗೇ ತರುತ್ತೇನೆ ಎಂದು ಹೇಳಿಕೊಂಡು ಬಂದಿದ್ದರು. ಆ ಕಿರಿಯ ಮಗನೇ ನಮ್ಮ ಮೊಸಳೆ. ಸೋದರಮಾವನಿಗೆ ಕೊಡುವುದು ಈ ಕಡೆ ಹೊಸದೇನಲ್ಲ. ಮೊದಲ ಹಕ್ಕು ಅವನದೇ ಎನ್ನುವವರೂ ಇದ್ದಾರೆ. ಹುಡುಗಿ ಒಲ್ಲೆ ಎಂದಿದ್ದಳು. ತಾಯಿಯೂ ಅವಳ ಪರವಾಗಿಯೇ ಇದ್ದರು, ಆದರೆ ಹೆತ್ತವ್ವನ ಎದುರು ಒಮ್ಮೆಯೂ ಬಾಯಿ ಬಿಟ್ಟು ಬೇಡ ಎಂದಿರಲಿಲ್ಲ. ಊರೆಲ್ಲ ಸೇರಿ ಮಾವ, ಸೊಸೆಯ ಮೇಲೆ ಅಕ್ಕಿಕಾಳು ಹಾಕಿಬಿಟ್ಟರೆ ಆಯಿಗೆ ಮತ್ತೆ ಕೇಳುವ ಅಗತ್ಯವೇ ಇರುತ್ತಿರಲಿಲ್ಲ.

ನಿರ್ದೇಶಕರು ಹುಡುಗಿಯ ಕಡೆ ನೋಡಿದರು. ಅವಳು ಬಾಗಿಲಲ್ಲಿ ನಿಂತಿದ್ದಳು.

“ಮಾಮಾನ ಹೆಗಲ ಮ್ಯಾಲೆ ಕುಂತು ಕನ್ನಡ ಸಾಲಿಗೆ ಹೋದಾಕಿ ನಾ,” ಎಂದಳು. “ಅಂವನ ಮಾರಿ ನೋಡಿದ್ರ ನನಗ ನಗು ಬರ್ತೈತಿ, ನಾಚಿಕಿ ಬರೂದಿಲ್ಲ. ಪಾರ್ಟ್ ನನಗ ಬೇಕು. ಮಾಮಾ ಬ್ಯಾಡ.”

ಮೊಸಳೆಯನ್ನೇ ಬದಲಿಸೋಣವೆಂದು ಹಿಂದಿರುಗುವ ದಾರಿಯಲ್ಲಿ ಮಾತಾಡಿದೆವು. ಪರಿಚಯವಿಲ್ಲದ ಹುಡುಗನನ್ನು ಹಾಕಿದರೆ ಇನ್ನೂ ಕಷ್ಟ. ಮದುವೆಯಾದವನನ್ನು ಹಾಕಿದರೆ ಅವನ ಹೆಂಡತಿ ಬಿಡುವುದಿಲ್ಲ. ಏನೂ ಹಾಕದಿದ್ದರೆ ಮದುವೆಯ ಹಾಗೆ ಕಾಣುವುದಿಲ್ಲ. ಅಕ್ಕಿಯನ್ನೇ ಬದಲಿಸಬೇಕು.

ಆಗ ನನ್ನ ಒಂದು ನೆನಪು ಹೊರಗೆ ಬಂತು. ನಾನು ಚಿಕ್ಕವನಿದ್ದಾಗ ಯಾರದೋ ತೊಡೆಯ ಮೇಲೆ ಕೂತು ಈ ಆಟ ನೋಡಿದ್ದೇನೆ. ಮದುವೆಯ ಹೊತ್ತಿಗೆ ಬೆಳಕಿನಲ್ಲಿ ಬೆಳ್ಳಗೆ, ಹಗುರಾಗಿ ಏನೋ ಬೀಳುತ್ತಿತ್ತು. ನಿಧಾನವಾಗಿ ಬೀಳುತ್ತಿತ್ತು, ದೀಪದ ಹುಳುಗಳ ಹಾಗೆ. ಒಂದು ನನ್ನ ಅಂಗಿಯ ಮೇಲೆ ಬಿತ್ತು, ಎತ್ತಿ ತಿಂದೆ. ಅಕ್ಕಿಯಾಗಿದ್ದರೆ ಅಷ್ಟು ನಿಧಾನವಾಗಿ ಬೀಳುವುದಿಲ್ಲ, ಮಕ್ಕಳು ಎತ್ತಿ ತಿನ್ನುವುದೂ ಇಲ್ಲ. ಅದು ಜೋಳದ ಅಳ್ಳು, ಪಂಚಮಿಗೆ ಹುರಿಯುತ್ತಾರಲ್ಲ, ಅದು. ಸುಳ್ಳು ಮದುವೆಗೆ ಅಕ್ಕಿಯ ಬದಲು ಅಳ್ಳು ಹಾಕುವ ರೂಢಿ ಹಿಂದೆ ಇದ್ದಿರಬೇಕು.

ಮಾಸ್ತರರನ್ನು ಕೇಳಿದೆ. “ಅಕ್ಕಿನ ರೀ. ಯಾವಾಗಲೂ ಅಕ್ಕಿ,” ಎಂದರು.

“ನಾ ತಿಂದೀನಲ್ರಿ.”

“ಪಂಚಮ್ಯಾಗ ತಿಂದಿರಬೇಕು.”

ಇರಬಹುದು. ಎರಡು ಬೇರೆ ದಿನಗಳನ್ನು ನಾನು ಒಂದಕ್ಕೊಂದು ಹೊಲಿದಿರಬಹುದು. ಇದನ್ನೂ ನಿರ್ದೇಶಕರಿಗೆ ಹೇಳಿದೆ. ಅವರಿಗೆ ನೆನಪು ನಿಜವೋ ಸುಳ್ಳೋ ಬೇಕಿರಲಿಲ್ಲ. “ನಿಧಾನ ಬೀಳ್ತೈತಿ ಅಂದ್ರಲ್ಲ, ಬಸ್, ತೇಚ ಪಾಯಜೆ. ಕ್ಯಾಮೆರಾಕ್ಕ ಅದ ಬೇಕು,” ಎಂದರು. ಅಳ್ಳು ಹುರಿಯುವ ಕಾಲ ಅದಾಗಿರಲಿಲ್ಲ. ಹೇಗೂ ಬೆಳ್ಳಗೆ ಹಗುರಾಗಿ ಇರುತ್ತದೆ ಎಂದು ಚುರಮುರಿ ತರಿಸುವುದೆಂದಾಯಿತು. ಚುರಮುರಿಯಿಂದ ಯಾರ ಮದುವೆಯೂ ಆಗುವುದಿಲ್ಲ ಎಂದು ತಾಯಿ ಒಪ್ಪಿಕೊಂಡರು.

ಮದುವೆಯ ದೃಶ್ಯ ತೆಗೆದದ್ದು ಚಳಿಗಾಲದ ಒಂದು ಬೆಳಿಗ್ಗೆ, ನದಿಯ ಮೆಟ್ಟಿಲುಗಳ ಮೇಲೆ. ಊರವರೇ ಬೀಗರು. ಕಾಗವಾಡದ ಕಡೆಯಿಂದ ಆಯಿಯೂ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಮೊಸಳೆಗೆ ಹೊಸ ತೊಗಲು ಮಾಡಿಸಿದ್ದರು, ದಪ್ಪ ರಬ್ಬರಿನದು. ತಲೆಯನ್ನು ಬೇರೆಯಾಗಿ ಹಾಕಬೇಕಿತ್ತು. ಮೂತಿಗೆ ಬಾಸಿಂಗ ಕಟ್ಟಿದ್ದರು. ಬಿಸಿಲಿಗೆ ರಬ್ಬರಿನ ವಾಸನೆ ದೂರದವರೆಗೂ ಹೊಡೆಯುತ್ತಿತ್ತು.

ಚುರಮುರಿಯ ಚೀಲಗಳನ್ನು ಬೀಗರ ನಡುವೆ ಇಟ್ಟಿದ್ದರು. ಆದರೆ ಮೋಡ ಬಂತು. ಮೋಡ ಹೋಗುವಷ್ಟರಲ್ಲಿ ಜನರೇಟರ್ ಕೆಟ್ಟಿತು. ಕಾಯುವವರಿಗೆ ಚಹಾ ಕೊಟ್ಟರು. ಯಾರೋ ಉಳ್ಳಾಗಡ್ಡಿ ಹೆಚ್ಚಿದರು, ಯಾರೋ ಮೆಣಸಿನಕಾಯಿ ತಂದರು. ಎಲ್ಲ ಸಿದ್ಧವಾಯಿತು ಎಂದು ನಿರ್ದೇಶಕರು ಕೂಗಿದಾಗ ಚೀಲಗಳು ಬರಿದಾಗಿದ್ದವು.

ಸಹಾಯಕ ನಿರ್ದೇಶಕ ತಲೆ ಹಿಡಿದುಕೊಂಡ. “ಅದು ಹಾಕಾಕ ಇಟ್ಟದ್ದು, ತಿನ್ನಾಕಲ್ಲ,” ಎಂದ.

“ಚುರಮುರಿ ಮುಂದಿಟ್ಟು ತಿನಬ್ಯಾಡ ಅಂದ್ರ ಹ್ಯಾಂಗ್ರಿ ಸಾಹೇಬರ?” ಎಂದ ಒಬ್ಬ ಬೀಗ.

ಹಿಂದಿನ ಸಾಲಿನ ಒಬ್ಬ ಅಜ್ಜಿ ಸಹಾಯಕನನ್ನು ಸಮಾಧಾನ ಮಾಡಿದಳು. “ಇರ್ಲಿ ಬಿಡೋ ಯಪ್ಪಾ. ನಾವು ತಂದೀವಿ.” ಹಾಗೆಂದು ಸೆರಗಿನ ಗಂಟು ಬಿಚ್ಚಿದಳು. ಅರಿಶಿನ ಹಚ್ಚಿದ ಅಕ್ಕಿ. ಪಕ್ಕದವಳೂ ಬಿಚ್ಚಿದಳು. ಒಬ್ಬೊಬ್ಬರಾಗಿ ಹೆಂಗಸರೆಲ್ಲ ಬಿಚ್ಚಿದರು. ಯಾರೂ ಹೇಳಿರಲಿಲ್ಲ, ಎಲ್ಲರೂ ಮನೆಯಿಂದ ತಂದಿದ್ದರು.

“ಯಾರು ತರಾಕ ಹೇಳಿದ್ರು?” ಎಂದರು ನಿರ್ದೇಶಕರು.

“ಮದುವಿಗೆ ಬರ್ರಿ ಅಂತ ಕರೆದೀರಿ. ಬರಿಗೈಲೆ ಬರಾಕ ಆಗ್ತೈತೇನ್ರಿ?” ಎಂದಳು ಅಜ್ಜಿ.

ಹುಡುಗಿ ಸೀರೆಯುಟ್ಟು, ಬಾಸಿಂಗ ಕಟ್ಟಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದಳು. ಹಳದಿ ಅಕ್ಕಿಯನ್ನು ನೋಡಿದಳು, ಆಯಿಯನ್ನು ನೋಡಿದಳು. ಬಾಸಿಂಗದ ದಾರವನ್ನು ತಾನೇ ಬಿಚ್ಚಿ, “ನಾ ಒಲ್ಲೆ,” ಎಂದು ಕೆಳಗೆ ಕೂತಳು.

ನಿರ್ದೇಶಕರು ಹಿಂದಿಯಲ್ಲಿ ಏನೋ ಅಂದರು. ಮತ್ತೆ ಚುರಮುರಿ ತರಲು ಹೋದರೆ ಬೆಳಕು ಹೋಗುತ್ತದೆ. ಆ ದಿನ ಬಿಟ್ಟರೆ ಇಷ್ಟು ಜನ ಮತ್ತೆ ಸೇರುವುದಿಲ್ಲ, ಕಬ್ಬಿನ ಹಂಗಾಮು. ತಾಯಿ ಮಗಳ ಪಕ್ಕಕ್ಕೆ ಹೋಗಿ ನಿಂತರು. ಆಯಿ ಗಂಟು ಕೈಯಲ್ಲಿ ಹಿಡಿದು ಕೂತೇ ಇದ್ದರು.

ಮಾಸ್ತರರು ಬಾಯಲ್ಲಿದ್ದ ತಂಬಾಕು ಉಗುಳಿ ಬಂದರು. “ಸೀರಿ ತಾ ಇಲ್ಲೆ,” ಎಂದರು ಮಗಳಿಗೆ. “ಅಕ್ಕಿಕಾಳ ನನ್ನ ಮ್ಯಾಲೆ ಬೀಳಲಿ. ನನಗೇನ ಹೊಸಾದಲ್ಲ.”

ಟ್ರ್ಯಾಕ್ಟರಿನ ಟ್ರೇಲಿಯ ಹಿಂದೆ ಒಂದು ಜಮಖಾನ ಅಡ್ಡ ಹಿಡಿದು ಮಾಸ್ತರರಿಗೆ ಸೀರೆ ಉಡಿಸಿದರು. ಸೆರಗನ್ನು ಹಣೆಯವರೆಗೆ ಎಳೆದು, ಬಾಸಿಂಗ ಕಟ್ಟಿದ ಮೇಲೆ ಮುಖ ಕಾಣುತ್ತಿರಲಿಲ್ಲ. ಮಗಳಿಗಿಂತ ಅವರು ಒಂದಿಷ್ಟು ಎತ್ತರ, ಅಷ್ಟೇ. ದೂರದಿಂದ ತೆಗೆಯುವಾಗ ಅವರು ನಿಲ್ಲುವುದು. ಹತ್ತಿರದಿಂದ ಮುಖ ತೋರಿಸುವಾಗ, ಅಕ್ಕಿಕಾಳು ಬೀಳುವುದು ನಿಂತ ಮೇಲೆ, ಮಗಳು ನಿಲ್ಲುವುದು. ಹಾಗೆ ತೀರ್ಮಾನವಾಯಿತು.

ಮಾಸ್ತರರು ಮೆಟ್ಟಿಲು ಹತ್ತಿ ಬಂದಾಗ ಬೀಗರೆಲ್ಲ ನಕ್ಕರು. ಮುಂದಿನ ಸಾಲಿನಿಂದ ಆಯಿ, “ಈ ಸೊಸಿ ಮುದುಕಿ ಆಗ್ಯಾಳಲ್ಲೋ,” ಎಂದರು. ಅದಕ್ಕೆ ಇನ್ನಷ್ಟು ನಗೆ ಬಂತು. ಇಷ್ಟು ನನಗೆ ನೆನಪಿದೆ. ಮೊಸಳೆಗೂ ಮಾಸ್ತರರಿಗೂ ನಡುವೆ ಅಂತರಪಟ ಹಿಡಿದರು, ಮಂಗಳಾಷ್ಟಕ ಹಾಡಿದರು, ಅಕ್ಕಿಕಾಳು ಬಿತ್ತು. ರಬ್ಬರಿನ ಮೇಲೆ ಅದು ಟಪಟಪ ಸದ್ದು ಮಾಡಿತು. ಆಮೇಲೆ ಮಗಳು ಬಂದು ನಿಂತಳು, ಅಂತರಪಟ ಸರಿಯಿತು, ಅವಳು ಅಳದೆ ಮೊಸಳೆಯ ಕಡೆ ನೋಡಿ ಹಾಡಿದಳು. ಆ ಹಾಡು ಚೆನ್ನಾಗಿ ಬಂತು.

ಸಿನಿಮಾ ಚಿಕ್ಕೋಡಿಯ ಒಂದು ಟಾಕೀಸಿಗೂ ಬಂತು, ಆಮೇಲೆ ಎಲ್ಲರ ಫೋನಿಗೂ ಬಂತು. ಮದುವೆಯ ದೃಶ್ಯವನ್ನು ಜೋಡಿಸಿದವರು ಒಳ್ಳೆಯ ಕೆಲಸಗಾರರು. ಅಕ್ಕಿಕಾಳು ಬೀಳುತ್ತಿರುವಾಗಲೇ ದೃಶ್ಯ ಹತ್ತಿರಕ್ಕೆ ಬರುತ್ತದೆ, ಹುಡುಗಿಯ ಮುಖ ಕಾಣುತ್ತದೆ. ಎಲ್ಲಿ ಅಪ್ಪ ಮುಗಿದು ಎಲ್ಲಿ ಮಗಳು ಶುರುವಾಗುತ್ತಾಳೆ ಎಂದು ಗೊತ್ತಾಗುವುದಿಲ್ಲ. ನಾನು ಹಲವು ಸಲ ನೋಡಿದೆ. ರಾಜಕುಮಾರಿ ಒಂದು ಕ್ಷಣ ಎತ್ತರವಾಗಿ ಕಾಣುತ್ತಾಳೆ ಎಂದು ನನಗೆ ಅನಿಸುತ್ತದೆ. ಪಕ್ಕದಲ್ಲಿ ಕೂತವರಿಗೆ ತೋರಿಸಿದರೆ ಅವರಿಗೆ ಅನಿಸುವುದಿಲ್ಲ.

ಮಳೆಗಾಲ ಮುಗಿಯುತ್ತಿದ್ದಾಗ ಮಾಸ್ತರರ ಫೋನ್ ಬಂತು. “ಸರ್, ಸ್ವಲ್ಪ ಬಂದು ಹೋಗ್ರಿ. ನಮ್ಮ ಅತ್ತಿ ಬಂದಾರ. ಸಿನಿಮಾ ನೋಡಿ ಬಂದಾರ.”

ಹೋದೆ. ಪಡಸಾಲೆಯಲ್ಲಿ ಆಯಿ, ಅವರ ಕಡೆಯ ಇಬ್ಬರು ಹಿರಿಯರು ಕೂತಿದ್ದರು. ಮೊಸಳೆಯ ಪಾತ್ರ ಮಾಡಿದ ಮಗ ಒಳಗೆ ಬಾರದೆ ಹೊಸ್ತಿಲಿನ ಹೊರಗೆ ನಿಂತಿದ್ದ. ಹುಡುಗಿ ಅಡುಗೆಮನೆಯ ಬಾಗಿಲಲ್ಲಿದ್ದಳು. ಬಿ.ಎಡ್. ಮುಗಿದಿತ್ತು, ರಾಯಬಾಗದ ಒಂದು ಶಾಲೆಯಲ್ಲಿ ಕೆಲಸ ಸಿಗುವ ಹಾಗಿತ್ತು.

ಆಯಿಯ ಮಾತು ನೇರವಾಗಿತ್ತು. “ಅಕ್ಕಿಕಾಳ ಬಿದ್ದ ಮ್ಯಾಲೆ ಹುಡುಗಿನ್ನ ಮನ್ಯಾಗ ಇಟ್ಟಕೊಂಡು ಕುಂಡ್ರೂದು ಸರಿ ಅಲ್ಲ. ಊರ ಮಂದಿ ಕೇಳಾಕತ್ಯಾರ.”

“ಅತ್ತೀ, ನಿಂತಾಂವ ನಾ,” ಎಂದರು ಮಾಸ್ತರರು.

“ಮಗಳನ್ನ ಉಳಿಸಿಕೊಳ್ಳಾಕ ನೀ ಏನರ ಹೇಳ್ತಿ. ನಾ ಕಣ್ಣಿಲೆ ನೋಡೀನಿ. ಮುಂದ ಕುಂತಿದ್ದೆ, ನನ್ನ ಕೈಲೆ ಹಾಕೀನಿ. ಬಾಸಿಂಗ ಕಟ್ಟಿಕೊಂಡು ಅಕಿ ನಿಂತಿದ್ಲು.”

“ಯವ್ವಾ, ನೀನ ನಕ್ಕಿ ಆವಾಗ,” ಎಂದರು ತಾಯಿ.

“ಮದುವ್ಯಾಗ ನಗೂದಿಲ್ಲೇನ?”

ಹಿರಿಯರಲ್ಲಿ ಒಬ್ಬರು ಆ ದಿನ ಅಲ್ಲಿದ್ದವರೇ. ಅವರೂ ಹುಡುಗಿಯನ್ನೇ ನೋಡಿದೆ ಎಂದರು. ಸುಳ್ಳು ಹೇಳುತ್ತಿರಲಿಲ್ಲ, ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆ ಬೆಳಿಗ್ಗೆ ಒಂದು ಸಲ ನೋಡಿದ್ದನ್ನು, ಆಮೇಲೆ ಫೋನಿನಲ್ಲಿ ಮತ್ತೆ ಮತ್ತೆ ನೋಡಿದ್ದು ಅಳಿಸಿಹಾಕಿತ್ತು. ನನಗೆ ಅದನ್ನು ವಿವರಿಸಲು ಬರುತ್ತಿತ್ತು. ವಿವರಿಸಿದರೆ ಯಾರಿಗೂ ಉಪಯೋಗವಿರಲಿಲ್ಲ.

ಹುಡುಗಿ ನನ್ನ ಕಡೆ ತಿರುಗಿದಳು. “ಸರ್, ನೀವು ಅಲ್ಲೇ ಇದ್ರಿ. ಇವರ ಕಡೆಯವರೂ ಅಲ್ಲ, ನಮ್ಮ ಕಡೆಯವರೂ ಅಲ್ಲ. ಹೇಳ್ರಿ.”

“ಮಾಸ್ತರರು ನಿಂತಿದ್ರು ಅಂತ ನನಗ ನೆನಪೈತಿ,” ಎಂದೆ. “ಆಯಿಯವರು ಸೊಸಿ ಮುದುಕಿ ಆಗ್ಯಾಳ ಅಂದ್ರು. ಅಂದದ್ದು ಅವರ ಅಂತ ನನಗ ನೆನಪು.”

“ನೆನಪು ಅಂದ್ರ? ಖರೇ ಏನು?” ಎಂದರು ಹಿರಿಯರು.

ಖರೇ ಎಂದು ಒಂದೇ ಮಾತು ಹೇಳಿದ್ದರೆ ಸಾಕಾಗಿತ್ತು. ಆದರೆ ಅವರು ಕೇಳಿದ ಕ್ಷಣದಲ್ಲಿ ನಾನು ಆ ಮೆಟ್ಟಿಲುಗಳನ್ನು ಮನಸ್ಸಿನಲ್ಲಿ ನೋಡಿದೆ. ಅಕ್ಕಿಕಾಳು ಬೀಳುತ್ತಿತ್ತು. ಅದರ ಕೆಳಗೆ ನನಗೆ ಕಂಡದ್ದು ಹುಡುಗಿಯ ಮುಖ. ಮಾಸ್ತರರು ನಿಂತಿದ್ದರು ಎಂಬುದು ನನಗೆ ಗೊತ್ತಿತ್ತು, ಆದರೆ ಕಾಣುತ್ತಿದ್ದದ್ದು ಸಿನಿಮಾ. ಗೊತ್ತಿರುವುದಕ್ಕೂ ಕಾಣುವುದಕ್ಕೂ ನಡುವೆ ನಾನು ಸಿಕ್ಕಿಕೊಂಡು, “ನನಗ ತಿಳಿದ ಮಟ್ಟಿಗೆ,” ಎಂದೆ.

“ಸರ್ ಅವರಿಗೇ ಪಕ್ಕಾ ಇಲ್ಲ,” ಎಂದರು ಆಯಿ, ಜಗಳ ಮುಗಿಸಿದವರ ಹಾಗೆ. ಹುಡುಗಿ ನನ್ನಿಂದ ಕಣ್ಣು ತೆಗೆದು ನೆಲ ನೋಡಿದಳು.

ಆಗ ಹೊಸ್ತಿಲ ಹೊರಗಿದ್ದವನು ಮಾತಾಡಿದ.

“ನನ್ನ ಎದುರಿಗೆ ನಿಂತಾಂವ ದಾಜಿ.” ಅಕ್ಕನ ಗಂಡನನ್ನು ಈ ಕಡೆ ಮರಾಠಿಯವರ ಹಾಗೆ ದಾಜಿ ಎನ್ನುವುದುಂಟು. “ಅಂತರಪಟದಾಚೆಯಿಂದ ತಂಬಾಕದ ವಾಸನಿ ನನ್ನ ಮೂಗಿಗೇ ಹೊಡಿತಿತ್ತು. ಇಕಿ ತಂಬಾಕ ತಿಂತಾಳೇನು?”

ಆಯಿ ಮಗನ ಕಡೆ ತಿರುಗಿದರು.

“ನೀ ಸುಮ್ಮನಿರಲೇ. ನಿನ್ನ ಸಲುವಾಗಿನ ಬಂದೀವಿ.”

“ನನ್ನ ಸಲುವಾಗಿನ ಹೇಳಾಕತ್ತೀನಿ, ಯವ್ವಾ. ತಂಬಾಕ ತಿನ್ನೂ ಹೆಂಡ್ತಿ ನನಗ ಬ್ಯಾಡ.”

ಮೊದಲು ನಕ್ಕವರು ಹಿರಿಯರಲ್ಲೊಬ್ಬರು. ಆಮೇಲೆ ತಾಯಿ ಸೆರಗು ಬಾಯಿಗೆ ಹಿಡಿದುಕೊಂಡು ನಕ್ಕರು. ಆಯಿ ನಗಲಿಲ್ಲ. ಕೊನೆಗೆ ಅಳಿಯನ ಕಡೆ ತಿರುಗಿ, “ಹಂಗಾದ್ರ ನೀನ ನಡಿಯಪ್ಪಾ ನಮ್ಮ ಮನಿಗೆ. ಇಷ್ಟ ವರ್ಷ ಅಕ್ಕಿಕಾಳ ಹಾಕಿಸಿಕೊಂಡಿ, ಒಂದ ದಿನನೂ ರೊಟ್ಟಿ ಬಡಿದು ಹಾಕಲಿಲ್ಲ,” ಎಂದರು. ಮಾಸ್ತರರು, “ಬರ್ತೀನಿ ಅತ್ತೀ. ವಖಾರಿ ಕೆಲಸ ಮುಗೀಲಿ,” ಎಂದರು. ಹುಡುಗಿ ಒಳಗೆ ಹೋಗಿ ಚಹಾಕ್ಕೆ ಇಟ್ಟಳು. ಮತ್ತೆ ಆ ಮಾತು ಬರಲಿಲ್ಲ.

ಹೊರಡುವಾಗ ಮೊಸಳೆಯ ಪಾತ್ರದವನು ನನ್ನ ಗಾಡಿಯ ಹಿಂದೆ ಕೂತ. ಹಾರೂಗೇರಿಯಲ್ಲಿ ಟ್ರ್ಯಾಕ್ಟರಿಗೆ ಏನೋ ಸಾಮಾನು ಕೊಳ್ಳಬೇಕಿತ್ತು ಅವನಿಗೆ. ದಾರಿಯಲ್ಲಿ ಕೇಳಿದೆ:

“ಖರೇನ ವಾಸನಿ ಬರ್ತಿತ್ತೇನೋ?”

“ಆ ರಬ್ಬರ್ ತಲಿ ಒಮ್ಮೆ ಹಾಕ್ಕೊಂಡು ನೋಡ್ರಿ ಸರ್. ಒಳಗ ರಬ್ಬರ್ ಬಿಟ್ಟು ಬ್ಯಾರೆ ಯಾವ ವಾಸನಿನೂ ಬರೂದಿಲ್ಲ.”

“ಮತ್ತ?”

“ಮತ್ತೇನು. ದಾಜಿ ಎಲ್ಲಾರ ಮುಂದನ ಸೀರಿ ಉಟ್ಟು ಬಂದಾರ. ನೀವೂ ನೋಡೀರಿ, ನಾನೂ ನೋಡೀನಿ, ಅವ್ವನೂ ನೋ‌ಡ್ಯಾಳ. ನೋಡೀನಿ ಅಂದ್ರ ಅಕಿನೂ ನೋಡೀನಿ ಅಂತಾಳ. ವಾಸನಿ ನನಗೊಬ್ಬನಿಗೇ ಬಂದದ್ದು. ಅದಕ್ಕ ಏನಂತಾಳ?”

ಇನ್ನೊಂದು ಪ್ರಶ್ನೆ ನನ್ನ ಬಾಯಿಗೆ ಬಂದಿತ್ತು. ಆ ಹುಡುಗಿಯ ಬಗ್ಗೆ ಅವನ ಮನಸ್ಸಿನಲ್ಲಿ ಏನಿತ್ತು ಎಂಬುದು. ಗಾಳಿ ಜೋರಾಗಿತ್ತು, ಕೂಗಿ ಕೇಳಬೇಕಾಗುತ್ತಿತ್ತು. ಅದು ಕೂಗಿ ಕೇಳುವ ಪ್ರಶ್ನೆಯಲ್ಲ. ಹಾರೂಗೇರಿಯಲ್ಲಿ ಇಳಿದು, “ಯಾರರ ಮತ್ತ ಕೇಳಿದ್ರ, ನಿಮಗೂ ವಾಸನಿ ಬಂದಿತ್ತು ಅಂತ ಹೇಳಿಬಿಡ್ರಿ. ನೆನಪು ಗಿನಪು ಅನಬ್ಯಾಡ್ರಿ,” ಎಂದು ಅಂಗಡಿಯ ಒಳಗೆ ಹೋದ.

ಹುಡುಗಿಗೆ ಈಗ ರಾಯಬಾಗದಲ್ಲಿ ಕೆಲಸ. ಇದನ್ನು ಬರೆಯುವಾಗ ಆ ಚಳಿಗಾಲದ ಬೆಳಗನ್ನು ಮತ್ತೆ ನೆನಪಿಸಿಕೊಂಡೆ. ಮೆಟ್ಟಿಲು, ಬಾಸಿಂಗ, ರಬ್ಬರಿನ ಮೇಲೆ ಅಕ್ಕಿಕಾಳಿನ ಸದ್ದು. ಜೊತೆಗೆ ತಂಬಾಕಿನ ವಾಸನೆಯೂ ಬಂತು. ನಾನು ನಿಂತಿದ್ದದ್ದು ಕ್ಯಾಮೆರಾದ ಹಿಂದೆ, ದೂರದಲ್ಲಿ. ನದಿಯ ಗಾಳಿ ನನ್ನ ಬೆನ್ನಿನಿಂದ ಅವರ ಕಡೆಗೆ ಬೀಸುತ್ತಿತ್ತು.